‘ಬರಬೇ’ ಎಂದಷ್ಟೇ ಬಂದ ಕಾಗದ

ಹಾನುಬಾಳಿಗೆ ಬಂದ ಮೊದಲ ಬೆಳಗ್ಗೆ ಪಕ್ಕದ ಮನೆಯ ಗಿರಿಜಾ ಬಾಗಿಲಲ್ಲಿ ನಿಂತು ನನ್ನ ಹೆಸರು ಕೇಳಲಿಲ್ಲ, ಊರೂ ಕೇಳಲಿಲ್ಲ.

“ಅಜ್ಜಿ, ಆನೆ ಎಲ್ಲೈತಂತೆ?”

“ನಾನೇನು ಹಿತ್ತಲಲ್ಲಿ ಕಟ್ಟಾಕ್ಕೊಂಡಿದ್ದೀನಾ?” ಎಂದೆ. ಅವಳು ನಗಲಿಲ್ಲ. ಅವಳ ಓರಗಿತ್ತಿಯನ್ನು ಹಿಂದಿನ ವರ್ಷ ಕಾಫಿ ಗಿಡದ ಸಾಲಿನಲ್ಲಿ ಆನೆ ಎತ್ತಿ ಹಾಕಿತ್ತು ಎಂದು ಆಮೇಲೆ ತಿಳಿಯಿತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ.

ನಮ್ಮ ಮಂಡ್ಯದ ಕಡೆ ಆನೆ ಎಂದರೆ ಬಾಳೆಹಣ್ಣು ಕೊಟ್ಟು ಸೊಂಡಿಲಿನಿಂದ ತಲೆ ಮುಟ್ಟಿಸಿಕೊಳ್ಳುವ ಪ್ರಾಣಿ. ಇಲ್ಲಿ ಅದು ಎಲ್ಲಿದೆ ಎಂದು ತಿಳಿಯದೆ ಹೆಂಗಸರು ಕೆಲಸಕ್ಕೆ ಹೊರಡುವುದಿಲ್ಲ.

ಮೊಮ್ಮಗಳು ಸವಿತಾಳ ಬಾಣಂತನಕ್ಕೆ ಮೂರು ತಿಂಗಳು ಎಂದು ಬಂದವಳು ನಾನು. ಅವಳ ತಾಯಿ, ಅಂದರೆ ನನ್ನ ಮಗಳು, ಇಲ್ಲ. ಹಾಗಾಗಿ ಮೂರು ತಿಂಗಳು ಎರಡು ವರ್ಷವಾಗಿದೆ. ಅವಳ ಗಂಡ ಲೋಕೇಶ ಎಸ್ಟೇಟಿನ ‘ರೈಟರ್’ ಎಂದಾಗ ಕತೆ ಬರೆಯುವವನೇನೋ ಎಂದುಕೊಂಡಿದ್ದೆ. ಆಳುಗಳ ಹಾಜರಿ ಬರೆಯುವವನಂತೆ. ‘ಲೈನಿಗೆ ಹೋಗಿ ಬರ್ತೀನಿ’ ಎಂದರೆ ಕರೆಂಟಿನ ಕಂಬಕ್ಕಲ್ಲ, ಕೂಲಿಯವರ ಸಾಲುಮನೆಗೆ. ತೋಟದ ಒಂದೊಂದು ಭಾಗಕ್ಕೆ ‘ಬ್ಲಾಕ್’ ಎನ್ನುತ್ತಾರೆ. ನಮ್ಮೂರಿನಲ್ಲಿ ಜಗಲಿಯ ಮೇಲೆ ಕೂತರೆ ಇಡೀ ಬೀದಿಯ ಜಗಳ ಕೇಳುತ್ತಿತ್ತು. ಇಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಏರು ಹತ್ತಬೇಕು, ಜಗಳವೂ ಸಿಗುವುದಿಲ್ಲ. ಮುದ್ದೆ ಕಟ್ಟುವ ಕೈಗೆ ಅಕ್ಕಿರೊಟ್ಟಿ ಬಗ್ಗಲು ಆರು ತಿಂಗಳು ಹಿಡಿಯಿತು. ಗಿರಿಜಾ ಒಮ್ಮೆ ತಿಂದು, “ಈಗ ಹರಿಯಕ್ಕೆ ಕತ್ತಿ ಬ್ಯಾಡ ಕಣಜ್ಜಿ” ಎಂದಳು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಸವಿತಾ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ. ಇಮೇಲ್ ಕಟ್ಟಿ ಕಳಿಸುವ, ಬಂದದ್ದನ್ನು ಬಿಚ್ಚಿ ತೋರಿಸುವ ಕೋಡು ಒಂದಿದೆ. ಅದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಅದಕ್ಕೆ ಸುಳ್ಳು ಕಾಗದ ಬೇಕು. ಇಲ್ಲದವರು ಇಲ್ಲದವರಿಗೆ ಬರೆದದ್ದು. ಪ್ರತಿ ಸಲ ಹೊಸದಾಗಿ ಬರೆಯುವ ಬದಲು ಅವಳು ‘ಹೆಲ್ಪರ್’ ಎಂದು ಬರೆದಿಟ್ಟುಕೊಂಡಿದ್ದಾಳೆ. ಹೆಸರು, ವಿಷಯ ಹೇಳಿದರೆ ಸಾಕು, ಅದೇ ಕಾಗದ ಮಾಡಿಕೊಡುತ್ತದೆ. ಇನ್ನೊಂದು ಹೆಲ್ಪರ್, ಕಳಿಸಿದ್ದೂ ತಲುಪಿದ್ದೂ ಒಂದೇ ಇದೆಯೇ ಎಂದು ನೋಡಿ ಹಸಿರು ಬಣ್ಣ ತೋರಿಸುತ್ತದೆ. ನಾನು ಆಲೆಮನೆಯಲ್ಲಿ ಬೆಲ್ಲ ಎರೆದವಳು. “ಅಚ್ಚು ಅನ್ನು” ಎಂದೆ. ಅಂದಿನಿಂದ ಮನೆಯಲ್ಲಿ ಅದಕ್ಕೆ ಅಚ್ಚು ಎಂದೇ ಹೆಸರು.

ಆನೆಯ ಸುದ್ದಿಯನ್ನು ಎಸ್ಟೇಟುಗಳಿಗೆ ಇಮೇಲಿನಲ್ಲಿ ಕಳಿಸುವ ಏರ್ಪಾಡಿಗೆ ಅವಳ ಕಂಪನಿಯವರು ಈ ಕೋಡನ್ನೇ ಹಾಕಿದ್ದರು. ಪರೀಕ್ಷೆ ಎಲ್ಲ ಹಸಿರಾಯಿತು. ಸೋಮವಾರದಿಂದ ಹಾನುಬಾಳು, ವನಗೂರು ಎಲ್ಲ ಕಡೆಗೂ ಹೋಗಬೇಕು. ಅದಕ್ಕೆ ಮೊದಲು ಶುಕ್ರವಾರ ಬೆಳಗ್ಗೆ ನಾಲ್ಕೇ ಜನಕ್ಕೆ ಕಳಿಸಿ ನೋಡಿದರು. ನಾಲ್ವರಲ್ಲಿ ಲೋಕೇಶನೂ ಒಬ್ಬ.

ಅವನು ಜೀಪಿಗೆ ಹೊರಟಿದ್ದ. ಫೋನು ನೋಡಿ, “ಬಂತು ಕಣೇ ನಿನ್ನ ಕಾಗದ! ಆನೆ ದಾಟ್ಕಂಡು ಹೋಗವಂತೆ, ಮೇಲಿನ ಬ್ಲಾಕಿಗೆ ಬರಬೇಕಂತೆ” ಎಂದು ಕೂಗಿದ. “ಅಜ್ಜಿ, ನೀನೂ ಓದು, ಕನ್ನಡದಲ್ಲೇ ಐತೆ” ಎಂದು ಫೋನನ್ನು ನನ್ನ ಮಡಿಲಿಗೆ ಹಾಕಿ ಮಗುವಿಗೆ ಮುತ್ತಿಟ್ಟ. ಹೊರಗೆ ಗಿರಿಜಾ ಮತ್ತು ಲೈನಿನ ಹೆಂಗಸರು ಹತ್ತಿ ಕೂತಾಗಿತ್ತು. ಫೋನು ಮರೆತು ಹೊರಟೇಬಿಟ್ಟ.

ನಾನು ಎರಡನೇ ಕ್ಲಾಸು. ಬೆರಳಿಟ್ಟು ಒಂದೊಂದೇ ಅಕ್ಷರ ಓದುವವಳು. ‘ಆನೆ ಹಿಂಡು ಕೆಳಗಿನ ಬ್ಲಾಕ್ ದಾಟಿದೆ. ಮೇಲಿನ ಬ್ಲಾಕಿಗೆ ಕೆಲಸಕ್ಕೆ ಬ, ರ, ಬೇ.’ ಮುಂದೆ ಬೆರಳಿಡಲು ಏನೂ ಇರಲಿಲ್ಲ.

“ಸವಿ, ಬರಬೇ ಅಂದ್ರೆ ಏನೇ?”

ಅವಳು ಒಳಗೆ ಮಗುವಿನ ಮೈ ಒರೆಸುತ್ತಿದ್ದಳು. “ಬರಬೇಡಿ ಅಜ್ಜಿ. ನಾನೇ ನೋಡಿ ಕಳಿಸಿದ್ದು.”

“ಬೇಡಿ ಇಲ್ಲ ಕಣೇ ಇಲ್ಲಿ. ನಿನ್ನ ಗಂಡ ಬೇಕು ಅಂತ ಕೂಗ್ಕೊಂಡು ಹೋದ್ನಲ್ಲ!”

ಅವಳು ಮಗುವನ್ನು ನನ್ನ ಕೈಗೆ ತುರುಕಿ ಅಂಗಳಕ್ಕೆ ಓಡಿದಳು. ಜೀಪು ತಿರುವು ದಾಟಿತ್ತು. ಅವನ ಫೋನು ನನ್ನ ಮಡಿಲಲ್ಲಿ. ಗಿರಿಜಾಳಿಗೆ ಮಾಡಿದರೆ ಟವರಿಲ್ಲ. ಮತ್ತೆ ಮಾಡಿದಳು, ಇಲ್ಲ. ನಮ್ಮೂರಾಗಿದ್ದರೆ ಗದ್ದೆಯ ಬದುವಿನ ಮೇಲೆ ನಿಂತು ಒಂದು ಕೂಗು ಹಾಕಿದರೆ ಮೂರು ಹೊಲದಾಚೆ ಕೇಳುತ್ತಿತ್ತು. ಈ ಗುಡ್ಡದಲ್ಲಿ ನನ್ನ ಕೂಗು ಬೇಲಿಯನ್ನೂ ದಾಟಲಿಲ್ಲ. ಮಗು ಅಳುತ್ತಿತ್ತು, ಅಳಲಿ ಎಂದು ಬಿಟ್ಟೆ. ಸವಿತಾ ಬಿಡದೆ ಫೋನು ಮಾಡುತ್ತಲೇ ಇದ್ದಳು. ಐದನೆಯ ಸಲ ಗಿರಿಜಾ ಎತ್ತಿದಳು.

“ಏನವ್ವಾ, ರೈಟರು ಬುತ್ತಿ ಮರ್ತ್ರಾ?”

“ಜೀಪ್ ನಿಲ್ಸಕ್ಕ! ಯಾರೂ ಇಳೀಬ್ಯಾಡಿ! ಬರಬೇಡಿ ಅಂತ ಇರೋದು, ಬರಬೇಡಿ!”

ತೋಟದ ಗೇಟಿನ ಹತ್ತಿರ ಜೀಪು ನಿಲ್ಲಿಸಿದ್ದರಂತೆ. ಇಬ್ಬರು ಆಗಲೇ ಇಳಿದಿದ್ದರು, ಹತ್ತಿಸಿಕೊಂಡರು. ಜೀಪು ಹಿಂದಕ್ಕೆ ತೆಗೆಯುವಾಗ ಮೇಲಿನ ಬ್ಲಾಕಿನಲ್ಲಿ ಕೊಂಬೆ ಮುರಿಯುವ ಸದ್ದು ಎಲ್ಲರಿಗೂ ಕೇಳಿಸಿತು.

ವಾಪಸು ಬಂದ ಲೋಕೇಶ ಒಂದು ಚೊಂಬು ನೀರು ಕುಡಿದ. “ಮುಂದಿನ ಅಕ್ಷರ ನಾನೇ ಹಾಕ್ಬುಟ್ಟೆ ಕಣಜ್ಜಿ” ಎಂದ. ಬೇಗ ಓದುವವರ ಗತಿಯೇ ಇಷ್ಟು, ಅರ್ಧ ಓದಿ ಅರ್ಧ ತಾವೇ ತುಂಬುತ್ತಾರೆ. ನಮ್ಮ ಮಾತಿನಲ್ಲಿ ಬೇಕೋ ಬೇಡವೋ ಎನ್ನುವುದು ಕಟ್ಟಕಡೆಗೆ ಬರುತ್ತದೆ. ಬಾಲ ಕತ್ತರಿಸಿದರೆ ಎರಡೂ ಒಂದೇ.

ಗಿರಿಜಾ ಮಾತ್ರ ಹೊಸ್ತಿಲ ಮೇಲೆ ಕೂತು ಸವಿತಾಳನ್ನು ನೇರವಾಗಿ ಕೇಳಿದಳು: “ಹಸಿರು ಬಂದೈತೆ, ಎಲ್ಲ ಸರಿ ಐತೆ ಅಂದಿದ್ಯಲ್ಲವ್ವ?”

ಸವಿತಾ ಹೋಗಿ ಕೂತು ತಪ್ಪು ಎಲ್ಲಿ ಎಂದು ಹುಡುಕಿದಳು. ಕನ್ನಡದ ಅಕ್ಷರ ಇಮೇಲಿನಲ್ಲಿ ಇಂಗ್ಲಿಷಿನದಕ್ಕಿಂತ ಹೆಚ್ಚು ಜಾಗ ತಿನ್ನುತ್ತದಂತೆ. ಆನೆಯ ಸುದ್ದಿಯೆಲ್ಲ ವಿಷಯದ ಸಾಲಿನಲ್ಲೇ ಇರುವುದರಿಂದ ಆ ಉದ್ದದ ಸಾಲನ್ನು ಮಡಚಿ ಮಡಚಿ ಕಳಿಸಬೇಕು. ಬಿಚ್ಚುವಾಗ ಕೊನೆಯ ಮಡಿಕೆಯನ್ನು ಕೋಡು ಬಿಚ್ಚದೆ ಬಿಟ್ಟಿತ್ತು. ಪರೀಕ್ಷೆಗೆ ಅದು ಸಿಗಲಿಲ್ಲ, ಏಕೆಂದರೆ ಅವಳ ಅಚ್ಚಿನಿಂದ ಬಂದ ಸುಳ್ಳು ಕಾಗದಗಳ ವಿಷಯವೆಲ್ಲ ‘ಹಲೋ’, ‘ಟೆಸ್ಟ್’. ಮಡಚುವಷ್ಟು ಉದ್ದವೇ ಇರಲಿಲ್ಲ.

“ಅಂಗೈ ಅಗಲದ ಅಚ್ಚಿಟ್ಕೊಂಡು ಕೊಪ್ಪರಿಗೆ ಅಳೆದಿದ್ದೀಯ” ಎಂದೆ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ.

ಅವಳು ಅತ್ತಳು. ಅತ್ತು ಮುಗಿಸಿ ಮೇಲಿನವರಿಗೆ ಫೋನು ಮಾಡಿ, ತಪ್ಪು ನನ್ನದು, ಸೋಮವಾರ ಕಳಿಸಬೇಡಿ ಎಂದಳು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿಲ್ಲ, ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ, ಆದರೆ ಒಳ್ಳೆಯ ಮಾತನ್ನೂ ಆಡಲಿಲ್ಲ.

ಆಮೇಲೆ ಹೊಸ ಅಚ್ಚು ಮಾಡಲು ನನ್ನನ್ನೂ ಗಿರಿಜಾಳನ್ನೂ ಎದುರಿಗೆ ಕೂರಿಸಿಕೊಂಡಳು. “ಬೇಡ ಅನ್ನೋದನ್ನ ಎಷ್ಟು ಥರ ಅಂತೀರ, ಹೇಳಿ.” ಬರಬೇಡಿ, ಬರಬಾರದು, ಬರಕೂಡದು ಎಂದೆ ನಾನು. “ಬರದು ಬ್ಯಾಡ ಕಣ್ರೀ ಅಂತ ಹಾಕವ್ವ” ಎಂದಳು ಗಿರಿಜಾ. ಈಗ ಆ ಅಚ್ಚಿನಿಂದ ಇಳಿಯುವ ಪ್ರತಿ ಸುಳ್ಳು ಕಾಗದವೂ ಮೂರು ನಾಲ್ಕು ಮಡಿಕೆ ಉದ್ದ, ಕೊನೆಯ ಮಡಿಕೆಯಲ್ಲಿ ಒಂದು ಬೇಡ. ಅದು ಬಿದ್ದುಹೋದರೆ ಹಸಿರು ಬರುವುದಿಲ್ಲ. ಆದರೂ ಗಿರಿಜಾ ಹಸಿರನ್ನು ನಂಬುವುದಿಲ್ಲ. ಬೆಳಗ್ಗೆ ಆನೆಯ ಕಾಗದ ಬಂದ ಕೂಡಲೇ ಬಾಗಿಲಿಗೆ ಬಂದು, “ಅಜ್ಜಿ, ಬೆರಳಿಟ್ಟು ಓದು” ಎನ್ನುತ್ತಾಳೆ. ಅವಳು ನಿಂತಿರುವಷ್ಟು ಹೊತ್ತು ನಾನು ಈ ಊರಿನವಳು.

ಮೊನ್ನೆ ನಮ್ಮೂರಿನಿಂದ ತಂಗಿ ಫೋನು ಮಾಡಿದ್ದಳು. ಆಲೆಮನೆ ಶುರುವಾಗಿದೆಯಂತೆ. “ಊರಿಗೆ ಬರಬೇಕು ಅನ್ಸಲ್ವಾ ನಿಂಗೆ?” ಎಂದಳು. ಬೆಲ್ಲದ ಪಾಕದ ವಾಸನೆ ಮೂಗಿಗೆ ಬಂತು, ಸುಳ್ಳು ಹೇಳುವುದಿಲ್ಲ. ಬಾಯಿ ತೆರೆದೆ. ‘ಬರಬೇ’ ಎನ್ನುವವರೆಗೆ ಸರಿಯಾಗಿಯೇ ಬಂತು. ಅಷ್ಟರಲ್ಲಿ ಗುಡ್ಡದಲ್ಲಿ ಟವರು ಹೋಯಿತು. ಮುಂದಿನ ಅಕ್ಷರವನ್ನು ಅವಳೇ ಹಾಕಿಕೊಂಡಿರುತ್ತಾಳೆ. ಯಾವುದು ಹಾಕಿಕೊಂಡಳೋ ನಾನು ಕೇಳಿಲ್ಲ. ಯಾವುದು ಹೇಳಲು ಹೊರಟಿದ್ದೆ ಎಂದು ನನಗೂ ಗೊತ್ತಿಲ್ಲ.