ಇನ್ನೊಂದು ಸ್ಥಾವರ ಕಟ್ಟಬೇಕೆಂದಿದ್ದ ಸಾಹೇಬರು

ಸಾಹೇಬರಿಗೆ ಬಲಗಿವಿ ಕೇಳುತ್ತಿರಲಿಲ್ಲ. ಹರೆಯದಲ್ಲಿ ಟರ್ಬೈನುಗಳ ಪಕ್ಕ ನಿಂತು ಕೆಲಸ ಮಾಡಿದ್ದರ ಫಲ. ಹಾಗಾಗಿ ಯಾರು ಮಾತಾಡಿದರೂ, ಚಹಾ ತರುವವನಾದರೂ ಸರಿ, ಕತ್ತು ಬಾಗಿಸಿ ಎಡಗಿವಿಯನ್ನು ಒಡ್ಡುತ್ತಿದ್ದರು. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕದ ಆರಂಭ. ಅಣುವಿದ್ಯುತ್ ಯೋಜನೆಗಳನ್ನು ರೂಪಿಸುವ ಆಫೀಸಿನಲ್ಲಿ ಅವರು ನನ್ನ ಮೇಲಧಿಕಾರಿ. ಮೈಸೂರಿನವರು, ಚೆಂಬೂರಿನಲ್ಲಿ ಮನೆ. ಘಾಟ್ಕೋಪರಿನ ಚಾಳಿನಲ್ಲಿ ಬೆಳೆದ ನನ್ನ ಕನ್ನಡದಲ್ಲಿ ಅರ್ಧ ಹಿಂದಿ. ಅವರು ನಗದೆ ತಿದ್ದುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದ ಕೂಡಲೇ, ಇವತ್ತು ಹೊಸದಾಗಿ ಏನು ಕಲಿತೆ ಎಂದು ಕೇಳುವರು.

ವಿದ್ಯುತ್ ಉತ್ಪಾದನೆಗೆ ಖಾಸಗಿಯವರೂ ಬರಬಹುದೆಂದು ಸರ್ಕಾರ ಬಾಗಿಲು ತೆರೆದ ಕಾಲ ಅದು. ಇನ್ನು ಮುಂದೆ ಕಲ್ಲಿದ್ದಲು, ಗ್ಯಾಸಿನ ಕರೆಂಟಿನ ಜೊತೆ ನಮ್ಮದೂ ದರದಲ್ಲಿ ಪೈಪೋಟಿ ನಡೆಸಬೇಕಿತ್ತು. ನಿವೃತ್ತಿಗೆ ಮುಂಚೆ ಇನ್ನೊಂದು ಸ್ಥಾವರಕ್ಕೆ ಅಡಿಪಾಯ ಬೀಳಬೇಕೆಂಬುದು ಅವರ ಆಸೆ. ಅದರ ಯೂನಿಟ್ ದರ ಲೆಕ್ಕ ಹಾಕಿದವಳು ನಾನು. ಕಡಿಮೆಯೇ ಬಂತು. ಎಲ್ಲರಿಗೂ ಖುಷಿ.

ಯೋಜನೆಯನ್ನು ಮೇಲಿನವರ ಮುಂದಿಡುವ ಮೀಟಿಂಗಿನ ದಿನ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಂತೇ ಕಾಗದ ತಿರುವುವಾಗ ತಪ್ಪು ಕಣ್ಣಿಗೆ ಬಿತ್ತು. ಸ್ಥಾವರ ಕಟ್ಟುವಷ್ಟೂ ವರ್ಷ ಸಾಲದ ಮೇಲೆ ಏರುವ ಬಡ್ಡಿಯನ್ನು ನಾನು ಸೇರಿಸಿರಲಿಲ್ಲ. ಸೇರಿಸಿದರೆ ನಮ್ಮ ಕರೆಂಟು ಕಲ್ಲಿದ್ದಲಿನದಕ್ಕಿಂತ ದುಬಾರಿ.

ಆಫೀಸು ತಲುಪಿದ ಕೂಡಲೇ ಸಾಹೇಬರಿಗೆ ಹೇಳಿದೆ. ಬಡ್ಡಿ ಸೇರಿಸಿ ತಾವೇ ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದರು.

"ಸರ್, ಬೇರೆ ಯಾರೂ ಗಮನಿಸಿಲ್ಲ" ಅಂದೆ, ನಾಚಿಕೆಯಿಲ್ಲದೆ.

"ನಾವು ಗಮನಿಸಿದೀವಲ್ಲಮ್ಮ. ಕಡಿಮೆ ದರ ಅಂತ ಹೇಳಿ ಕಟ್ಟಿಬಿಟ್ಟರೆ, ನಾಳೆ ಕರೆಂಟು ಕೊಳ್ಳೋರು ನಮ್ಮನ್ನ ನಂಬೋದೇ ಬಿಡ್ತಾರೆ. ಮೀಟಿಂಗಲ್ಲಿ ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಹೇಳಿದೆ. ಹಿರಿಯ ಅಧಿಕಾರಿಯೊಬ್ಬರು ನನ್ನನ್ನು ಗದರಿದಾಗ, ಪರಿಶೀಲಿಸದೆ ಸಹಿ ಹಾಕಿದ್ದು ತಾವೆಂದು ಸಾಹೇಬರು ಶಾಂತವಾಗಿ ಅಂದರು. ಯೋಜನೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಅವರ ನಿವೃತ್ತಿ ಮುಂದಕ್ಕೆ ಹೋಗಲಿಲ್ಲ. ನನ್ನ ಮೇಲೆ ಒಂದು ದಿನವೂ ಮುನಿಯಲಿಲ್ಲ. ದರ ಇಳಿಯಬೇಕಾದರೆ ಕಟ್ಟುವ ಅವಧಿ ಇಳಿಯಬೇಕೆಂದು, ಕೊನೆಯ ತಿಂಗಳುಗಳಲ್ಲಿ ನನ್ನನ್ನು ಕೂರಿಸಿಕೊಂಡು ಅದರ ದಾರಿಗಳನ್ನೇ ಕಲಿಸಿದರು. ಮುಂದೆ ನಾನು ಉಂಡ ಅನ್ನವೆಲ್ಲ ಆ ಪಾಠದ್ದು.

ವರ್ಷಗಳಾದ ಮೇಲೆ ಅವರು ತೀರಿಕೊಂಡ ಸುದ್ದಿ ಕೇಳಿ ಮೈಸೂರಿಗೆ ಹೋದೆ. ಅವರ ಹೆಂಡತಿಗೆ ಆ ಮೀಟಿಂಗಿನ ವಿಷಯ ತೆಗೆದೆ. ಆಕೆಗೆ ನೆನಪಿತ್ತು.

"ಆ ದಿನ ಊಟಾನೂ ಮಾಡದೆ ಸುಮ್ಮನೆ ಮಲಗಿಬಿಟ್ಟರಮ್ಮ. ಬೆಳಿಗ್ಗೆ ಎದ್ದು, 'ನಮ್ಮ ಹುಡುಗಿ ತಲೆ ಎತ್ತಿ ನಿಜ ಹೇಳಿದಳು ಕಣೇ' ಅಂದರು."