ಕ್ಲೋಟಿಲ್ ಕೊಡದ ಕೈ

ಇಗ್ನಾಸನ ಕೈ ಎತ್ತಿ ಟೆಲೆಮಾಕನ ಕೈಯೊಳಗೆ ಇಟ್ಟವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲವಾದರೆ ಅವನ ಅಕ್ಕ ಕ್ಲೋಟಿಲಳ ಕಥೆ ಹೇಳುವ ಯೋಗ್ಯತೆ ನನಗಿಲ್ಲ.

ನನ್ನ ಹೆಸರು ಸಿಲ್ವೆಸ್ತ್ರ. ಮೋರ್ನ್ ಕಕಾವ್ ಊರಿನ ಕೋಲುಕಾಳಗಕ್ಕೆ ನಲವತ್ತು ವರ್ಷ ಡೋಲು ಬಡಿದಿದ್ದೇನೆ. ಕಾರ್ನಿವಲ್ ಹತ್ತಿರ ಬಂತೆಂದರೆ ಟ್ರಿನಿಡಾಡಿನ ಈ ದಕ್ಷಿಣದ ಮೂಲೆಯಲ್ಲಿ ಗಂಡಸರಿಗೆ ಅಖಾಡ ಬಿಟ್ಟು ಬೇರೆ ಮಾತಿಲ್ಲ. ಯಾರ ತಲೆಯಿಂದ ಮೊದಲು ರಕ್ತ ಬಂತೋ ಅವನು ಸೋತ. ಆಗ ಡೋಲು ನಿಲ್ಲಬೇಕು, ಕೋಲು ಇಳಿಯಬೇಕು. ಸೋತವನು ನಡುವಿನ ಗುಂಡಿಗೆ ಬಾಗಿ ರಕ್ತ ಸುರಿಸಿ, ಗೆದ್ದವನಿಗೆ ಕೈ ಚಾಚಬೇಕು. ಕೈ ಕೂಡಿತೆಂದರೆ ಎಲ್ಲ ಮುಗಿಯಿತು, ಆಮೇಲೆ ದೂರುಗೀರು ಏನೂ ಇಲ್ಲ. ಗೆದ್ದವನು ಆ ಕೈ ಹಿಡಿಯದಿದ್ದರೆ ಸೋತವನು ಮತ್ತೆ ಯಾವ ಅಖಾಡದಲ್ಲೂ ಕೋಲೆತ್ತುವಂತಿಲ್ಲ. ಹಾಗೆ ಹಿಡಿಯದೆ ಹೋದವರನ್ನು ಮಾತ್ರ ನಾನು ಕಂಡಿರಲಿಲ್ಲ.

ಆ ವರ್ಷ ಟೆಲೆಮಾಕ ಇಗ್ನಾಸನ ಹಣೆ ಒಡೆದ. ನಾನು ಡೋಲು ನಿಲ್ಲಿಸಿದೆ. ಹುಡುಗ ಕೋಲು ಇಳಿಸಿ ಗುಂಡಿಯ ಕಡೆ ಬಾಗುತ್ತಿದ್ದ, ಆಗ ಎರಡನೆಯ ಏಟು ಬಿತ್ತು. ಒಂದು ಕಣ್ಣು ಅಲ್ಲೇ ಹೋಯಿತು, ಇನ್ನೊಂದು ಮಳೆಗಾಲ ಬರುವುದರೊಳಗೆ. ಇನ್ನೂರು ಜನ ನೋಡಿದರು. ಒಬ್ಬನೂ ಬಾಯಿ ಬಿಚ್ಚಲಿಲ್ಲ. ಟೆಲೆಮಾಕ ದೊಡ್ಡ ತೋಟದ ಮೇಸ್ತ್ರಿ, ಅವನು ಹೂಂ ಅಂದರಷ್ಟೇ ನಮ್ಮ ಮನೆಗಳಲ್ಲಿ ಒಲೆ ಉರಿಯುವುದು.

"ಏನ್ ನೋಡ್ತಾ ನಿಂತೆ ಸಿಲ್ವೆಸ್ತ್ರ? ಕೈ ಕೂಡಿಸು," ಎಂದ ಅವನು.

ಇಗ್ನಾಸನಿಗೆ ಎಚ್ಚರವೇ ಇರಲಿಲ್ಲ. ಆದರೂ ಕೂಡಿಸಿದೆ. ನಾಯಿಬಾಳು ನನ್ನದು.

ಕ್ಲೋಟಿಲ್ ನೆರೆಯ ಅರ್ನೆಸ್ಟಿನಳ ಅಂಗಳದಲ್ಲಿ ಕೋಕೋ ಬೀಜ ತುಳಿಯುವವಳು. ಒಣಗಿದ ಬೀಜಕ್ಕೆ ನೀರು ಚಿಮುಕಿಸಿ, ಅದು ಮಿರುಗುವ ತನಕ ಬರಿಗಾಲಲ್ಲಿ ಕುಣಿಯುವ ಕೆಲಸ. ತಾಯಿಯಿಲ್ಲದ ತಮ್ಮನನ್ನು ಆ ಕಾಲುಗಳ ದುಡಿಮೆಯಲ್ಲೇ ಸಾಕಿದ್ದಳು. ನಾಲ್ಕು ಜನ ತಿರುಗಿ ನೋಡಿದರೆ ಸಾಕು, ಇವಳ ಬಾಯಿ ಒಣಗುತ್ತಿತ್ತು. ಇಗರ್ಜಿಯಲ್ಲಿ ಕೂಡ ಕೊನೆಯ ಕಂಬದ ಮರೆಗೇ ನಿಲ್ಲುವಳು.

ಮರುವರ್ಷ ಅವಳು ತಮ್ಮನ ಕೋಲು ಹಿಡಿದು ಅಖಾಡದ ಅಂಚಿಗೆ ಬಂದಳು. ಬಂದದ್ದೇನೋ ಬಂದಳು, ಕಾಲು ಮುಂದೆ ಹೋಗಲಿಲ್ಲ. ಟೆಲೆಮಾಕ ಹಲ್ಲು ಕಿರಿದ.

"ಏನವ್ವಾ, ಕೋಕೋ ಒಣಗ್ಸೋಕೆ ಜಾಗ ಸಾಲ್ದಾ? ಬಾ, ನನ್ ತಲೆ ಮೇಲೆ ಕುಣಿ!"

ಜನ ಬಿದ್ದು ಬಿದ್ದು ನಕ್ಕರು. ಅವಳು ಕೋಲನ್ನು ಎದೆಗೆ ಅವುಚಿಕೊಂಡು ತಿರುಗಿ ನಡೆದಳು.

ಮಾರನೆಯ ದಿನ ಅಂಗಳದಲ್ಲಿ ಅವಳು ಹೆಂಗಸರಿಗೆಲ್ಲ ಹೇಳಿದಳಂತೆ: "ನಂಗೆ ಕೋಲಿನ ಭಯ ಇಲ್ಲ ಕಣ್ರೇ, ಜನದ ಕಣ್ಣಿನ ಭಯ. ನಾನು ಕುಣಿಯೋವಾಗ ಸುತ್ತ ನಿಂತು ಬೈರಿ ನನ್ನ. ನಾಚ್ಕೋಬೇಡಿ."

ಅರ್ನೆಸ್ಟಿನಳೇ ಮೊದಲು ಶುರು ಮಾಡಿದಳು: "ಅಯ್ಯೋ ನೋಡ್ರೇ, ಗಂಡು ಸಿಗ್ದೋಳಿಗೆ ಕೋಲು ಸಿಕ್ತು!" ಕ್ಲೋಟಿಲ್ ಅವತ್ತು ಕೋಕೋ ಮೇಲೆ ಕೂತು ಅತ್ತಳು. ಮರುದಿನ ಮತ್ತೆ ಎದ್ದು ನಿಂತಳು. ಹೆಂಗಸರಿಗೂ ರುಚಿ ಹತ್ತಿತು. ಅವಳ ಮೂಗು, ನಡಿಗೆ, ಸತ್ತ ಅಪ್ಪ, ಹರಿದ ಲಂಗ, ಒಂದನ್ನೂ ಬಿಡಲಿಲ್ಲ. ಮೂರು ತಿಂಗಳಾಗುವ ಹೊತ್ತಿಗೆ ಅವಳು ಹೆಜ್ಜೆ ತಪ್ಪಿಸದೆ ತಿರುಗಿ ಕೊಡುತ್ತಿದ್ದಳು: "ನಿನ್ ಗಂಡನ್ನೇ ಕಳ್ಸೇ ಅರ್ನೆಸ್ಟಿನ್, ಕೋಲು ಹೆಂಗ್ ಹಿಡೀಬೇಕು ಅಂತ ಹೇಳ್ಕೊಡ್ತೀನಿ!"

ನಾನು ಡೋಲು ಹೊತ್ತು ಆ ಅಂಗಳಕ್ಕೆ ಹೋದೆ. ಹೋಗಿ ತಪ್ಪಾಯಿತು ಅಂದೆ.

"ಡೋಲು ಬೇಕು ಮಾವ, ಕೂತ್ಕೋ," ಅಂದಳು. "ನಿನ್ ತಪ್ಪೊಪ್ಪಿಗೆ ತಗೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಸಿಟ್ಟು ಬಂತು. ಆದರೂ ಕೂತೆ, ಬಡಿದೆ. ಏಟು ತಡೆಯುವುದು ಹೇಗೆಂದು ಇಗ್ನಾಸ ಮೆಟ್ಟಿಲ ಮೇಲೆ ಕೂತು ಬಾಯಲ್ಲೇ ಹೇಳಿಕೊಡುತ್ತಿದ್ದ.

ಮುಂದಿನ ಕಾರ್ನಿವಲ್‌ಗೆ ಅವಳು ಅಂಚಿನಲ್ಲಿ ನಿಲ್ಲಲೇ ಇಲ್ಲ. ಕೋಲನ್ನು ಅಖಾಡದ ನಡುವೆ ಎಸೆದು, ಅದರ ಹಿಂದೆಯೇ ತಾನೂ ಇಳಿದಳು.

"ಮತ್ತೆ ಬಂದ್ಯಾ?" ಎಂದ ಟೆಲೆಮಾಕ. "ಗಂಡಸ್ರು ಯಾರೂ ಸಿಗ್ಲಿಲ್ವಾ ನಿಂಗೆ?"

"ಹುಡುಕ್ತಾ ಇದೀನಿ. ಇಲ್ಲೂ ಕಾಣ್ತಿಲ್ಲ."

ಅವತ್ತು ನಕ್ಕಿದ್ದ ಜನವೇ ಇವತ್ತೂ ನಕ್ಕರು, ಆದರೆ ಅವನನ್ನು ನೋಡಿ. ಅವನ ಕಿವಿ ಕೆಂಪಾಯಿತು. ಜನ ತನ್ನನ್ನು ನೋಡಿ ನಗುವುದು ಅವನಿಗೆ ಅಭ್ಯಾಸವಿರಲಿಲ್ಲ ಪಾಪ. ಎತ್ತು ನುಗ್ಗಿದಂತೆ ನುಗ್ಗಿದ. ಮೊದಲ ಏಟು ಅವಳ ಭುಜಕ್ಕೆ ಬಿತ್ತು, ಎರಡನೆಯದು ಮೊಣಕೈಗೆ. ಅವಳ ಕಾಲು ಮಾತ್ರ ನಿಲ್ಲಲಿಲ್ಲ. ಬೀಜದ ಮೇಲೆ ಜಾರಿ ತಿರುಗುವ ಹಾಗೆ ಅವನ ಪಕ್ಕಕ್ಕೆ ತಿರುಗಿದಳು. ಅವನ ಕೋಲು ಗಾಳಿಗೆ ಹೋಯಿತು, ಅವಳದು ಅವನ ನೆತ್ತಿಗೆ. ರಕ್ತ ಹುಬ್ಬಿನ ತನಕ ಇಳಿಯಿತು.

ನಾನು ಡೋಲು ನಿಲ್ಲಿಸಿದೆ. ಎರಡನೆಯ ಏಟು ಹಾಕುತ್ತಾಳೆ ಎಂದೇ ಎಲ್ಲರೂ ಅಂದುಕೊಂಡೆವು. ಹಾಕಲಿ ಎಂದು ನಾನು ಬಯಸಿದ್ದೆ, ಸುಳ್ಳೇಕೆ. ಅವಳು ಕೋಲು ಇಳಿಸಿದಳು. ಟೆಲೆಮಾಕ ಗುಂಡಿಗೆ ಬಾಗಿ ರಕ್ತ ಸುರಿಸಿ, ಎದ್ದು, ಕೈ ಚಾಚಿದ.

ಅವಳು ಆ ಕೈಯನ್ನು ನೋಡುತ್ತ ನಿಂತಳು.

"ಹಿಡಿಯಮ್ಮಾ," ಎಂದರು ಹಿರಿಯರು. ಆಮೇಲೆ ನನ್ನ ಕಡೆ ತಿರುಗಿದರು. "ಸಿಲ್ವೆಸ್ತ್ರ, ನೀನಾದ್ರೂ ಕೂಡಿಸೋ."

ನಾನು ಎದ್ದು ಹೋದೆ. ಕ್ಲೋಟಿಲ್ ಮೆಲ್ಲಗೆ ಅಂದಳು, "ನಂಗೆ ಎಚ್ಚರ ಇದೆ ಮಾವ."

ನಾನು ಹಿಂದೆ ಬಂದು ಡೋಲಿನ ಪಕ್ಕ ಕೂತೆ. ಅವಳು ಕೋಲು ಎತ್ತಿಕೊಂಡು ಜನರ ನಡುವೆಯೇ ಮನೆಗೆ ನಡೆದಳು.

ಟೆಲೆಮಾಕ ಒಂದು ವರ್ಷ ತಡೆದ. ಮೇಸ್ತ್ರಿಗಿರಿ ಹಾಗೇ ಇತ್ತು, ಆದರೆ ಕಾರ್ನಿವಲ್ ಬಂದಾಗ ಹೆಂಗಸರ ಸಾಲಿನ ಹಿಂದೆ ನಿಂತು ಬೇರೆಯವರ ಆಟ ನೋಡಬೇಕಾಯಿತು. ತೋಟದ ಆಳುಗಳು ಅವನ ಬೆನ್ನಿಗೆ ಗುಟ್ಟಾಗಿ ಕೈ ಚಾಚಿ ಅಣಕಿಸುತ್ತಿದ್ದರು. ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಕೊನೆಗೆ ಹಾಡಹಗಲಲ್ಲಿ ಅರ್ನೆಸ್ಟಿನಳ ಅಂಗಳಕ್ಕೆ ಬಂದ.

"ಡೋಲು ನಿಂತಿತ್ತು," ಎಂದ ಎಲ್ಲರ ಮುಂದೆ. "ನಿಂತ ಮೇಲೆ ಹೊಡ್ದೆ. ಸಾಕಾ?"

ಕ್ಲೋಟಿಲ್ ಕುಣಿಯುವುದನ್ನು ನಿಲ್ಲಿಸಲಿಲ್ಲ. "ನಂಗ್ಯಾಕ್ ಹೇಳ್ತೀಯ? ಅಲ್ಲಿ ಕೂತಿದಾನೆ ನೋಡು. ಅವನಿಗೆ ಕಣ್ಣಿಲ್ಲ, ಕಿವಿ ಇದೆ."

ಅವನು ಮೆಟ್ಟಿಲ ಬಳಿ ಹೋಗಿ ಮಂಡಿಯೂರಿ ಅದನ್ನೇ ಮತ್ತೆ ಹೇಳಿದ. ಇಗ್ನಾಸ ಮುಖವನ್ನು ಅಕ್ಕನ ಹೆಜ್ಜೆ ಸದ್ದಿನ ಕಡೆ ತಿರುಗಿಸಿದ.

"ಹೋಗ್ಲಿ ಬಿಡಕ್ಕ. ನಾನೇ ಬಿಟ್ಟಿದೀನಿ. ಅವನ ಕೈ ಹಿಡ್ಕೋ."

"ಹೋದ ಕಣ್ಣು ನಿಂದು ಕಣೋ, ನೀನು ಬಿಡು," ಎಂದಳು ಕ್ಲೋಟಿಲ್. "ಕೈ ನಂದು."