ಮರಿಸ್ವಾಮಿಯವರ ಹದಿನೈದು ಮೀಟರ್

ಮರಿಸ್ವಾಮಿಯವರು ಯಾರ ಮನೆಗೆ ಹೋದರೂ ಮನೆಯವರಿಗಿಂತ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದರು. ಬೆರಳ ಗೆಣ್ಣಿನಿಂದ ಟಕಟಕ ಕುಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಬೈಗುಳ ಶುರು. "ಕೇಬಲ್ ಎಳೆಯೋಕೆ ಪೈಪೇ ಹಾಕಿಲ್ಲ, ಬಡ್ಡಿಮಕ್ಳು." ನನ್ನ ಮನೆಯಲ್ಲಿ ಅವರಾಡಿದ ಮೊದಲ ಮಾತುಗಳಲ್ಲಿ ಇದೂ ಒಂದು.

ನಾವು ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಬಂದು ಆಗ ವರ್ಷ ತುಂಬಿರಲಿಲ್ಲ. ಫ್ಲ್ಯಾಟ್ ಮಾರುವಾಗ ಬಿಲ್ಡರ್ "ಹೋಂ ಥಿಯೇಟರ್‌ಗೆ ಎಲ್ಲಾ ರೆಡಿ ಇದೆ" ಎಂದಿದ್ದ. ಹಾಲಿನ ಬೀರುವಿನಿಂದ ಗೋಡೆ ಹತ್ತಿ, ಸೀಲಿಂಗಿನೊಳಗೆ ಸಾಗಿ, ಹಿಂದುಗಡೆಯ ಪ್ರೊಜೆಕ್ಟರಿನವರೆಗೆ ಚಿತ್ರ, ದನಿ ಎರಡನ್ನೂ ಒಯ್ಯುವ ಹದಿನೈದು ಮೀಟರ್ ಎಚ್‌ಡಿಎಂಐ ಕೇಬಲ್ ಎಳೆದು ಮುಚ್ಚಿಯೂ ಕೊಟ್ಟಿದ್ದ. ನನ್ನ ಗಂಡನಿಗೆ ಸಿನಿಮಾ ಹುಚ್ಚು, ನನಗೆ ಕಾರ್ ರೇಸ್ ಆಟದ ಹುಚ್ಚು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಐವತ್ತು ದಾಟಿದ ಹೆಂಗಸು ಗೇಮ್ ಆಡುತ್ತಾಳೆಂದರೆ ಜನ ನಗುತ್ತಾರೆ. ನಗಲಿ. ಸಿನಿಮಾ ಹೇಗೋ ಓಡುತ್ತಿತ್ತು. ಆಟ ಹಾಕಿದರೆ ಮಾತ್ರ ಪರದೆ ಎರಡು ಸೆಕೆಂಡು ಕಪ್ಪಾಗಿ ಮರಳಿ ಬರುತ್ತಿತ್ತು, ಅಷ್ಟರಲ್ಲಿ ನನ್ನ ಕಾರು ಹಳ್ಳಕ್ಕೆ ಬಿದ್ದಿರುತ್ತಿತ್ತು. ಬಿಲ್ಡರ್ ಕಡೆಯವರು ಪ್ರೊಜೆಕ್ಟರ್ ಸರಿಯಿಲ್ಲ ಎಂದರು. ಪ್ರೊಜೆಕ್ಟರಿನವರು ಗೇಮ್ ಪೆಟ್ಟಿಗೆ ಸರಿಯಿಲ್ಲ ಎಂದರು. ಒಬ್ಬನಂತೂ "ಮೇಡಂ, ಕಣ್ಣು ಟೆಸ್ಟ್ ಮಾಡಿಸಿದ್ರಾ?" ಎಂದು ಕೇಳಿದ. ಕುಡಿಯುತ್ತಿದ್ದ ಕಾಫಿ ಮುಗಿಸಲೂ ಬಿಡದೆ ಅವನನ್ನು ಎಬ್ಬಿಸಿ ಕಳಿಸಿದೆ.

ಆಮೇಲೆ ಯಾರೋ ಹೇಳಿದರೆಂದು ಕುಮಾರಸ್ವಾಮಿ ಲೇಔಟಿನ ಒಂದು ಪುಟ್ಟ ಕೇಬಲ್ ಅಂಗಡಿಗೆ ಹೋದೆ. ಗೋಡೆ ತುಂಬ ಕೇಬಲ್ ಸುರುಳಿಗಳು, ನಡುವೆ ಬುದ್ಧನದೊಂದು ಪಟ. ಆ ಶಾಂತ ಮುಖದ ಕೆಳಗೆ ಕೂತು ಮರಿಸ್ವಾಮಿಯವರು ಗಿರಾಕಿಯೊಬ್ಬನ ಜೊತೆ ಜಗಳಕ್ಕೆ ಇಳಿದಿದ್ದರು. ಅರವತ್ತರ ಹತ್ತಿರದ ಒಣಕಲು ಮನುಷ್ಯ, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ. "ಎಷ್ಟು ಉದ್ದ? ಬರೀ ಸಿನಿಮಾನಾ, ಆಟಾನೂ ಆಡ್ತೀರಾ? ಅದು ಹೇಳಿ ಮೊದಲು. ಚಿನ್ನದ ಬಣ್ಣದ ತುದಿ ನೋಡಿ ತಗೊಳ್ಳೋಕೆ ಇದೇನು ಕಿವಿ ಓಲೆನಾ?" ದುಬಾರಿ ಕೇಬಲ್ಲೇ ಬೇಕೆಂದು ಬಂದಿದ್ದ ಆತನಿಗೆ ಎರಡು ಮೀಟರಿನ ಸಾಧಾರಣ ಕೇಬಲ್ ಕೊಟ್ಟು ಕಳಿಸಿದರು. ನನ್ನ ಕತೆಯನ್ನು ಮಾತ್ರ ನಗದೆ ಪೂರ್ತಿ ಕೇಳಿದರು. "ಆಟ ಆಡೋರಿಗೆ ಎರಡು ಸೆಕೆಂಡ್ ಕಪ್ಪಾದ್ರೆ ಎಲ್ಲಾ ಹೋಯ್ತು ಮೇಡಂ. ನಾಳೆ ಬರ್ತೀನಿ."

ಮಾರನೆಯ ದಿನ ಅವರು ಬಾಗಿಲಿಗೆ ಬಂದಾಗ ಏದುಸಿರು ಬಿಡುತ್ತಿದ್ದರು. ಕೆಲಸದವರೆಲ್ಲ ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆಂದು ಸೆಕ್ಯೂರಿಟಿಯವನು ತಡೆದಿದ್ದ. ಅವರು ಯಾವ ಲಿಫ್ಟೂ ಬೇಡವೆಂದು ನಾಲ್ಕು ಮಹಡಿ ಹತ್ತಿ ಬಂದಿದ್ದರು.

"ಯಾರ್ ಮಾಡಿದ್ದು ಮೇಡಂ ಈ ರೂಲು?"

ಅಸೋಸಿಯೇಷನ್ನಿನ ಸೆಕ್ರೆಟರಿ ನಾನೇ. ರೂಲಿನ ಕೆಳಗಿದ್ದದ್ದು ನನ್ನದೇ ಸಹಿ. ಹೇಳಿದೆ.

"ನಮ್ಮಪ್ಪನ್ನ ತಲಘಟ್ಟಪುರದಲ್ಲಿ ಹಿತ್ತಿಲ ಬಾಗಿಲಲ್ಲಿ ನಿಲ್ಲಿಸ್ತಿದ್ರು. ನೀವು ಲಿಫ್ಟೇ ಬೇರೆ ಮಾಡಿದ್ದೀರಿ," ಎಂದರು. "ಕೇಬಲ್ ಕಾಣದಂಗೆ ಎಳೆಸ್ತೀರಿ, ಸರಿ. ಮನುಷ್ಯರನ್ನೂ ಕಾಣದಂಗೆ ಮಾಡ್ಬೇಕಾ?"

ನನ್ನ ಉತ್ತರಕ್ಕೆ ಕಾಯದೆ ಅವರು ಗೋಡೆ ಕುಟ್ಟತೊಡಗಿದರು. ಪೈಪಿಲ್ಲದ ಗೋಡೆಗೆ ಬೈದು, ತಾವು ತಂದ ಫೈಬರ್ ಕೇಬಲ್ಲನ್ನು ಹಾಲಿನ ನೆಲದ ಮೇಲೆ ಉದ್ದಕ್ಕೆ ಬಿಚ್ಚಿದರು. "ಇದಕ್ಕೆ ತಲೆ, ಬಾಲ ಅಂತ ಇದೆ. ತಿರುಗಾಮುರುಗಾ ಹಾಕಿದ್ರೆ ಚಿತ್ರ ಬರಲ್ಲ. ಒಳಗಿರೋದು ಗಾಜಿನ ಎಳೆ, ಮಡಚಂಗಿಲ್ಲ. ಗೋಡೆಗೆ ಸೇರಿಸೋ ಮೊದಲು ಹಿಂಗೆ ನೆಲದ ಮೇಲೆ ಹಾಸಿ ನೋಡ್ಬೇಕು. ಈಗ ಆಡಿ. ಒಂದು ಗಂಟೆ ಆಡಿ." ಒಂದು ಗಂಟೆ ಆಡಿದೆ. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ.

ಆಮೇಲೆ ಬೀರುವಿನ ಹಿಂದೆ ಗೋಡೆಯಿಂದ ಇಣುಕುತ್ತಿದ್ದ ಹಳೆಯ ಕೇಬಲ್ಲನ್ನು ಎಳೆದು ನೋಡಿದರು. ಸಿಮೆಂಟಿನಲ್ಲಿ ಕಚ್ಚಿಕೊಂಡಿದ್ದ ಅದು ಕದಲಲಿಲ್ಲ. ಅದರ ಮೇಲೆ 'ಫೈಬರ್' ಎಂಬ ಚೀಟಿಯಿತ್ತು. ಉಗುರಿನಿಂದ ಕೆರೆದು ಚೀಟಿ ಕಿತ್ತು, ತುದಿ ಕತ್ತರಿಸಿ ನನ್ನ ಮುಖದೆದುರು ಹಿಡಿದರು. ಕೆಂಪಗೆ ತಾಮ್ರದ ತಂತಿಗಳು. "ಟಿವಿ ಪಕ್ಕದಲ್ಲೇ ಪೆಟ್ಟಿಗೆ ಇದ್ರೆ ತಾಮ್ರ ಸಾಕು, ತಪ್ಪೇನಿಲ್ಲ. ಸಿನಿಮಾ ಹೆಂಗೋ ಎಳೆಯುತ್ತೆ, ಆಟದ ವೇಗದಲ್ಲಿ ಹದಿನೈದು ಮೀಟರ್ ಓಡೋಕೆ ಇದಕ್ಕೆ ಉಸಿರಿಲ್ಲ. ಗೊತ್ತಿದ್ದೇ ಚೀಟಿ ಅಂಟಿಸವ್ರೆ." ಸೀಲಿಂಗಿನ ಅಂಚಿನಲ್ಲಿ, ಕೇಬಲ್ಲಿನ ತಲೆಯೂ ತೂರುವಷ್ಟು ಅಗಲದ ಪೈಪ್ ಹಾಕಿ ಹೊಸದನ್ನು ಎಳೆದು ಹೋದರು.

ಸುದ್ದಿ ಹರಡಿ ಬೇರೆ ಫ್ಲ್ಯಾಟಿನವರೂ ಅವರನ್ನು ಕರೆಸಿದರು. ನೋಡಿದ ಕಡೆಯೆಲ್ಲ ಅದೇ ಚೀಟಿ, ಅದೇ ತಾಮ್ರ. ಬಿಲ್ಡರ್ ಕಡೆಯ ಮ್ಯಾನೇಜರನ್ನು ಕರೆಸಿ ಕಮಿಟಿ ಸಭೆ ಸೇರಿಸಿದೆವು. ಮರಿಸ್ವಾಮಿಯವರೂ ಬಂದರು. ನಾನೇ ಕರೆದಿದ್ದೆ.

"ತನ್ನ ಮಾಲು ಮಾರೋಕೆ ಈ ಮೆಕ್ಯಾನಿಕ್ ಕತೆ ಕಟ್ತಿದ್ದಾನೆ," ಎಂದ ಮ್ಯಾನೇಜರ್.

ಮರಿಸ್ವಾಮಿಯವರು ಕತ್ತರಿಸಿದ ತುಂಡುಗಳನ್ನು ಮೇಜಿನ ಮೇಲಿಟ್ಟರು. "ಕತೆ ಯಾಕೆ ಸಾರ್? ಯಾರ ಮನೆಗಾದ್ರೂ ಬನ್ನಿ, ಹಾಕಿ ತೋರಿಸ್ತೀನಿ."

ಯಾರೂ ಏಳಲಿಲ್ಲ. "ಇದೆಲ್ಲ ಹೊರಗೆ ಗೊತ್ತಾದ್ರೆ ನಮ್ಮ ಫ್ಲ್ಯಾಟಿನ ರೇಟೇ ಬೀಳುತ್ತೆ," ಎಂದರು ನಮ್ಮ ಅಧ್ಯಕ್ಷರು. ಆ ಒಂದು ಮಾತಿಗೆ ಇಡೀ ಕೋಣೆಯ ಮುಖ ಬದಲಾಯಿತು. ನಿನ್ನೆವರೆಗೆ ಬಿಲ್ಡರನಿಗೆ ಶಾಪ ಹಾಕುತ್ತಿದ್ದವರೇ ಮರಿಸ್ವಾಮಿಯವರ ಸರ್ಟಿಫಿಕೇಟ್ ಕೇಳತೊಡಗಿದರು.

ಅವರು ನನ್ನ ಕಡೆ ತಿರುಗಿದರು. "ಮೇಡಂ, ನೀವು ಆಡಿ ನೋಡಿದ್ರಲ್ಲಾ. ಅಷ್ಟು ಹೇಳಿ, ಸಾಕು."

"ಆಮೇಲೆ ಮಾತಾಡೋಣ," ಎಂದೆ ನಾನು.

ಹೊರಗಿನ ಮೆಕ್ಯಾನಿಕ್ ವಸತಿದಾರರಲ್ಲಿ ತಪ್ಪು ತಿಳಿವಳಿಕೆ ಹುಟ್ಟಿಸಿದ್ದಾನೆ, ಅವನನ್ನು ಇನ್ನು ಒಳಗೆ ಬಿಡಬಾರದು ಎಂದು ನಿರ್ಣಯವಾಯಿತು. ಅದನ್ನು ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿದವಳು ನಾನು. ಅವರು ತುಂಡುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು.

ಅಂದಿನಿಂದ ನನಗೆ ಆಟ ರುಚಿಸಲಿಲ್ಲ. ಪರದೆ ಕಪ್ಪಾಗದೆ ಓಡಿದಷ್ಟೂ ಮೈ ಉರಿಯುತ್ತಿತ್ತು. ಬಿಲ್ಡರನ ಮೇಲೆ, ಅಧ್ಯಕ್ಷರ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಮೂರು ತಿಂಗಳ ನಂತರ ಎಲ್ಲ ಮಾಲೀಕರ ಸಭೆಯಲ್ಲಿ ಎದ್ದು ನಿಂತೆ. ನಾನು ಬರೆದದ್ದು ಸುಳ್ಳು ಎಂದೆ. ಅಧ್ಯಕ್ಷರು ಕೂತುಕೊಳ್ಳಿ ಎಂದರು. ಕೂರಲಿಲ್ಲ. ಎಲ್ಲರನ್ನೂ ನನ್ನ ಮನೆಗೆ ಎಳೆದುಕೊಂಡು ಹೋಗಿ ಆಟ ತೋರಿಸಿದೆ, ಎದುರು ಮನೆಯಲ್ಲಿ ಇನ್ನೂ ಕತ್ತರಿಸದೆ ಉಳಿದಿದ್ದ ಗೋಡೆಯ ಕೇಬಲ್ಲಿಗೆ ಹಾಕಿ ಅದೇ ಆಟ ಕಪ್ಪಾಗುವುದನ್ನು ತೋರಿಸಿದೆ. ಗಲಾಟೆ ಎದ್ದಿತು. ಕೊನೆಗೆ ಬಿಲ್ಡರ್ ಎಲ್ಲ ಮನೆಗಳಲ್ಲೂ ಹೊಸದಾಗಿ ಎಳೆಸಿಕೊಡಲು ಒಪ್ಪಿದ. ಹಳೆಯ ನಿರ್ಣಯ ರದ್ದಾಯಿತು, ಲಿಫ್ಟಿನ ರೂಲೂ ರದ್ದಾಯಿತು.

ಕ್ಷಮೆಯ ಪತ್ರ, ಅಷ್ಟೂ ಮನೆಯ ಕೆಲಸ ಅವರೇ ಮಾಡಬೇಕೆಂಬ ಕೋರಿಕೆ, ಎರಡನ್ನೂ ಹಿಡಿದು ಅಂಗಡಿಗೆ ಹೋದೆ. ಮರಿಸ್ವಾಮಿಯವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮಡಚಿ ನನಗೇ ಕೊಟ್ಟರು.

"ನಿಮ್ಮ ಮನೇಲಿ ಸರಿಯಾಗಿ ಬರ್ತಿದೆಯಾ?"

"ಬರ್ತಿದೆ."

"ಹಂಗಾದ್ರೆ ಅಲ್ಲಿ ನನ್ನ ಕೆಲಸ ಮುಗೀತು. ಇನ್ನು ಬರಲ್ಲ."

"ತಪ್ಪಾಯ್ತು ಮರಿಸ್ವಾಮಿಯವರೇ. ಅವತ್ತೇ ಹೇಳ್ಬೇಕಿತ್ತು."

"ಹೂಂ. ಅವತ್ತೇ ಹೇಳ್ಬೇಕಿತ್ತು." ದನಿ ಏರಲಿಲ್ಲ. ಅವರು ಬೈದಿದ್ದರೆ ಸಹಿಸಬಹುದಿತ್ತು. "ಆದ್ರೆ ಇನ್ನೊಬ್ಬ ಬಂದು ಮತ್ತೆ ಕೆಡಿಸೋದು ಬೇಡ. ಯಾವ ಕೇಬಲ್, ಎಷ್ಟು ಅಗಲದ ಪೈಪು, ಎಲ್ಲಿ ತಿರುವು, ಎಲ್ಲಾ ಹೇಳ್ತೀನಿ. ಬರ್ಕೊಳ್ಳಿ ಮೇಡಂ. ಬರೆಯೋದು ನಿಮಗೆ ಚೆನ್ನಾಗಿ ಬರುತ್ತೆ."

ಕೂರಲು ಹೇಳಲಿಲ್ಲ. ಗಾಜಿನ ಕೌಂಟರಿನ ಮೇಲೆ ಹಾಳೆಯಿಟ್ಟು, ನಿಂತೇ ಬರೆದುಕೊಂಡೆ. ಅವರು ಒಂದಕ್ಷರ ಬಿಡದೆ ಹೇಳಿದರು. ಮುಗಿದ ಮೇಲೆ ಹಾಳೆ ತೆಗೆದುಕೊಂಡು, ಒಂದು ಅಳತೆ ತಿದ್ದಿ ವಾಪಸು ಕೊಟ್ಟು, ಹಿಂದೆ ನಿಂತಿದ್ದ ಗಿರಾಕಿಯನ್ನು ಕೇಳಿದರು: "ಹೇಳಿ ಸಾರ್, ಎಷ್ಟು ಉದ್ದ?"